ಕಿವಿಗೊಂದು ಚರಿತ್ರೆ

ಹೆಣ್ಣುಮಕ್ಕಳ ಕಿವಿಗೆ ಓಲೆ, ಜುಮುಕಿ, ಮಾಟಿ ಎಂದು ಖರ್ಚು ಮಾಡುವಾಗ ನಮ್ಮಲ್ಲಿ ಯಾರೂ ಹಿಂದುಮುಂದು ನೋಡುವುದಿಲ್ಲ. ಕಿವಿ ಇರುವುದು ತೂಗುಹಾಕುವುದಕ್ಕೆ ಮಾತ್ರವಲ್ಲ, ಕೇಳುವುದಕ್ಕೂ ಹೌದು ಎಂಬುದು ಆಗ ನೆನಪಿಗೇ ಬರುವುದಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಚರಿತ್ರೆಯ ಪಾಠ ಹೇಳಿಕೊಟ್ಟವಳು ನಾನು. ರಾಜರ ಕತ್ತಿ, ಕಿರೀಟಗಳಿಗೆಲ್ಲ ಚರಿತ್ರೆ ಇರುವಾಗ ತಲೆಯ ಮೇಲೆ ಸಿಕ್ಕಿಸಿಕೊಳ್ಳುವ ಹೆಡ್‌ಫೋನಿಗೂ ಒಂದು ಇರಲೇಬೇಕಲ್ಲ ಎಂದು ಹುಡುಕಿದೆ. ಇತ್ತು. ಅದರ ಮೊದಲ ಪುಟದಲ್ಲೇ ಹೆಂಗಸರಿದ್ದರು.

ಅಮೆರಿಕದಲ್ಲಿ ಟೆಲಿಫೋನ್ ಬಂದ ಹೊಸತರಲ್ಲಿ ಕರೆ ಜೋಡಿಸುವ ಕೆಲಸಕ್ಕೆ ಹುಡುಗರನ್ನು ಇಟ್ಟುಕೊಂಡಿದ್ದರು. ಅವರ ಒರಟುತನ ಗಿರಾಕಿಗಳಿಗೆ ಸಾಕಾಗಿ ಹೋಯಿತು. 1878ರಲ್ಲಿ ಬಾಸ್ಟನ್ನಿನ ವಿನಿಮಯ ಕೇಂದ್ರಕ್ಕೆ ಎಮ್ಮಾ ನಟ್ ಎಂಬಾಕೆ ಸೇರಿದರು. ಜಗತ್ತಿನ ಮೊದಲ ಮಹಿಳಾ ಟೆಲಿಫೋನ್ ಆಪರೇಟರ್ ಎಂದು ಹೆಸರಾದವರು ಆಕೆಯೇ. ಆಮೇಲೆ ಆ ಕೆಲಸವೇ ಹೆಂಗಸರದಾಯಿತು. ಎರಡು ಕೈಯಲ್ಲೂ ವೈರು ಚುಚ್ಚುತ್ತ, ತೆಗೆಯುತ್ತ ಇರುವವರಿಗೆ ಕೇಳುವ ಸಾಧನ ಹಿಡಿಯಲು ಮೂರನೆಯ ಕೈ ಎಲ್ಲಿಂದ ಬರಬೇಕು? ಹಾಗಾಗಿ ಅದನ್ನು ಮೈಮೇಲೆಯೇ ಹೇರಿದರು. ಮೊದಮೊದಲು ಹೆಗಲ ಮೇಲೆ ಕೂರಿಸುವ ಕಿಲೋಗಟ್ಟಲೆ ಭಾರದ ಸಾಧನ, ಬರಬರುತ್ತ ತಲೆಗೆ ಸಿಕ್ಕಿಸುವ ಪಟ್ಟಿ. ಇವತ್ತು ಹೆಡ್‌ಫೋನಿನ ತುದಿಯಲ್ಲಿರುವ ಪಿನ್ನು ಇದೆಯಲ್ಲ, ಅದು ಆ ಹೆಂಗಸರು ದಿನವಿಡೀ ಚುಚ್ಚುತ್ತಿದ್ದ ಪಿನ್ನಿನ ಮರಿಮಗಳು. ಗಾತ್ರ ಇಳಿದು 3.5 ಮಿಲಿಮೀಟರ್ ಆಗಿದೆ, ಅಷ್ಟೆ.

1910ರಲ್ಲಿ ಯೂಟಾ ಪ್ರಾಂತ್ಯದ ನಥಾನಿಯೆಲ್ ಬಾಲ್ಡ್‌ವಿನ್ ಎಂಬಾತ ತನ್ನ ಮನೆಯ ಅಡುಗೆಮನೆಯಲ್ಲೇ ಹೆಡ್‌ಫೋನ್ ತಯಾರಿಸಿ ಅಮೆರಿಕದ ನೌಕಾಪಡೆಗೆ ಕಳಿಸಿದ. ಅವರು ಪರೀಕ್ಷಿಸಿ ಒಪ್ಪಿ ಕೊಂಡರು. ಮುಂದೆ ರೇಡಿಯೋ ಬಂದಾಗ ಕರೆಂಟಿಲ್ಲದೆ ನಡೆಯುವ ಕ್ರಿಸ್ಟಲ್ ಸೆಟ್ಟುಗಳಿದ್ದವು. ಅವುಗಳ ದನಿ ಎಷ್ಟು ಸಣ್ಣದೆಂದರೆ ಕಿವಿಗೆ ಹೆಡ್‌ಫೋನ್ ಇಲ್ಲದಿದ್ದರೆ ಕೇಳಿಸುತ್ತಲೇ ಇರಲಿಲ್ಲ. ಮನೆಮಂದಿಯೆಲ್ಲ ಕೇಳಬೇಕಾದರೆ ಹೆಡ್‌ಫೋನನ್ನು ಒಂದು ಪಿಂಗಾಣಿ ಬಟ್ಟಲಿನೊಳಗಿಟ್ಟು ಸುತ್ತ ಕೂರುತ್ತಿದ್ದರಂತೆ. ನಂಬಿಕೆ ಬರದಿದ್ದರೆ ನಿಮ್ಮ ಮೊಬೈಲನ್ನು ಒಂದು ಸ್ಟೀಲ್ ಪಾತ್ರೆಯೊಳಗಿಟ್ಟು ಹಾಡು ಹಾಕಿ ನೋಡಿ.

ನಮ್ಮ ಮೈಸೂರು ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಅದರ ಶಕ್ತಿ ಬರೀ 30 ವಾಟ್. ಹಿಂದೆ ನಮ್ಮ ಬಚ್ಚಲುಮನೆಯಲ್ಲಿದ್ದ ಹಳೆಯ ಕಾಲದ ಬಲ್ಬಿಗಿಂತ ಕಡಿಮೆ! ಆ ಕೇಂದ್ರಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಒಬ್ಬ ಮೇಷ್ಟರ ಮನೆಯಿಂದ ಹೊರಟ ದನಿ ಎಂದು ನೆನೆದಾಗಲೆಲ್ಲ ಟೀಚರಾದ ನನಗೆ ಸಣ್ಣ ಜಂಬ.

ನಾನು ಹುಡುಗಿಯಾಗಿದ್ದಾಗ ಹನಗೋಡಿನಲ್ಲಿ ರೇಡಿಯೋ ಇದ್ದ ಮನೆಗಳನ್ನು ಎಣಿಸಬಹುದಿತ್ತು. 1980ರ ದಶಕದ ನಡುಭಾಗದವರೆಗೂ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಬೇಕಿತ್ತು. ನಮ್ಮ ಮನೆಯ ಲೈಸೆನ್ಸ್ ಅಪ್ಪನ ಹೆಸರಿನಲ್ಲಿತ್ತು. ರೇಡಿಯೋದ ಕಿವಿ ಹಿಂಡುವ ಅಧಿಕಾರವೂ ಅವರದೇ. ಅಪ್ಪ ವಾರ್ತೆ ಹಾಕಿದರೆ ಅಮ್ಮ ಒಲೆಯ ಮುಂದೆ ವಾರ್ತೆ ಕೇಳಬೇಕು; ಅವರು ಎದ್ದು ಆರಿಸಿದರೆ ಹಾಡು ಅರ್ಧಕ್ಕೇ ನಿಲ್ಲಬೇಕು. ಅಮ್ಮ ತನ್ನ ಜೀವಮಾನದಲ್ಲಿ ಒಂದು ಸಲವೂ ತಾನಾಗಿ ಸ್ಟೇಷನ್ ತಿರುಗಿಸಿದ್ದನ್ನು ನಾನು ಕಾಣೆ. ಹಾಡು ಎಂದರೆ ಆಕೆಗೆ ಪ್ರಾಣ.

ಆಮೇಲೆ ಕಾಲ ಬೇಗಬೇಗ ಹೊರಳಿತು. 1958ರಷ್ಟು ಹಿಂದೆಯೇ ಅಮೆರಿಕದ ಜಾನ್ ಕಾಸ್ ಎಂಬಾತ ಸಂಗೀತ ಕೇಳಲೆಂದೇ ಎರಡು ಕಿವಿಗೂ ಬೇರೆಬೇರೆ ದನಿ ಕೊಡುವ ಸ್ಟೀರಿಯೋ ಹೆಡ್‌ಫೋನ್ ತಂದಿದ್ದ. 1979ರಲ್ಲಿ ಜಪಾನಿನ ಸೋನಿ ಕಂಪನಿ ವಾಕ್‌ಮನ್ ತಂದಿತು. ನಾಲ್ಕು ಜನರ ನಡುವೆ ಕೂತು ಒಬ್ಬರೇ ಕೇಳುವುದು ಆಗ ರೂಢಿಯಾಯಿತು. ನಮ್ಮೂರಿಗೆ ಆ ರೂಢಿ ಬಂದದ್ದು ತಡವಾಗಿ, ಮೊಬೈಲಿನ ಜೊತೆಗೆ. ಅದೂ ಮೊದಲು ಗಂಡುಹುಡುಗರ ಕಿವಿಗೆ.

ಹೋದ ವರ್ಷ ನನ್ನ ತಂಗಿಯ ಮಗಳು ಹೆಡ್‌ಫೋನ್ ಬೇಕೆಂದಳು. ಕಂಪ್ಯೂಟರ್ ಡಿಪ್ಲೊಮಾ ಓದುವ ಹುಡುಗಿ. ರಾತ್ರಿ ಓದು ಮುಗಿಸಿ ಒಂದು ಗಂಟೆ ಕಂಪ್ಯೂಟರಿನಲ್ಲಿ ಆಟವಾಡುತ್ತಾಳೆ. ಚಿಕ್ಕ ಮಕ್ಕಳಿಗೆ ಮನೆಪಾಠ ಹೇಳಿ ಎರಡು ಸಾವಿರ ಕೂಡಿಟ್ಟಿದ್ದಳು. ದುಡ್ಡು ಅವಳದೇ ಆದರೂ ತಕರಾರು ಎದ್ದಿತು. "ಹೆಣ್ಣುಮಗು ಕಿವಿ ಮುಚ್ಕೊಂಡು ಕೂತ್ರೆ, ಕರೆದಾಗ ಓಗೊಡೋರು ಯಾರು?" ಎಂದರು ಅವಳ ಅಜ್ಜಿ. ಅವಳ ಅಣ್ಣ ಮೂರು ವರ್ಷದಿಂದ ಕಿವಿಗೆ ವೈರು ಸಿಕ್ಕಿಸಿಕೊಂಡೇ ಉಣ್ಣುತ್ತಾನೆ; ಅವನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

"ದೊಡ್ಡಮ್ಮ, ನೀವೇ ಬನ್ನಿ ಅಂಗಡಿಗೆ" ಎಂದಳು. ಹೋಗುವ ಮೊದಲು ನನಗೇ ಪಾಠ ಮಾಡಿದಳು. ಈ ಆಟದಲ್ಲಿ ಎದುರಾಳಿಯ ಹೆಜ್ಜೆ ಸಪ್ಪಳ ಎಡದಿಂದ ಬಂತೋ ಬಲದಿಂದಲೋ ಎಂದು ತಿಳಿಯಬೇಕಂತೆ. ಇದು ನನಗೆ ತಕ್ಷಣ ಅರ್ಥವಾಯಿತು. ನಾಗರಹೊಳೆಯ ಅಂಚಿನ ಊರು ನಮ್ಮದು. ಕತ್ತಲಲ್ಲಿ ಬಿದಿರು ಮುರಿದ ಸದ್ದು ಕೇಳಿ ಆನೆ ಯಾವ ಕಡೆ ಇದೆ ಎಂದು ಹೇಳುವ ಹಿರಿಯರು ನಮ್ಮಲ್ಲಿದ್ದರು. ಎಡಗಡೆಯ ಸದ್ದು ಎಡಗಿವಿಗೆ ಒಂದಿಷ್ಟು ಮೊದಲು, ಒಂದಿಷ್ಟು ಜೋರಾಗಿ ತಲಪುತ್ತದೆ. ಆ ಅಂತರ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ. ಮಿದುಳು ಅಷ್ಟನ್ನೇ ಹಿಡಿದು ದಿಕ್ಕು ಹೇಳುತ್ತದೆ. ಆದ್ದರಿಂದ ಒಳ್ಳೆಯ ಸ್ಟೀರಿಯೋ ಇದ್ದರೆ ಸಾಕು. ಅಗ್ಗದ ಡಬ್ಬಿಗಳ ಮೇಲೆ ‘7.1’ ಎಂದು ದೊಡ್ಡದಾಗಿ ಬರೆದಿರುತ್ತದೆ. ಸಾಮಾನ್ಯವಾಗಿ ಅದು ಸಾಫ್ಟ್‌ವೇರಿನ ಕೈಚಳಕ, ಒಳಗೆ ಏಳು ಸ್ಪೀಕರುಗಳೇನೂ ಇರುವುದಿಲ್ಲ.

ಅಂಗಡಿಯವರು ಮೊದಲು ತೋರಿಸಿದ್ದು ಕೆಂಪು, ಹಸಿರು ದೀಪ ಮಿನುಗುವ ಹೆಡ್‌ಫೋನನ್ನು. ಹಾಕಿಕೊಂಡವರಿಗೆ ಆ ದೀಪ ಕಾಣುವುದೇ ಇಲ್ಲ! ಅದನ್ನು ಬಿಟ್ಟೆವು. ಬ್ಲೂಟೂತಿನದೂ ಬೇಡವೆಂದಳು, ದನಿ ಸೆಕೆಂಡಿನ ಹತ್ತನೆಯ ಒಂದು ಭಾಗವೋ ಐದನೆಯ ಒಂದು ಭಾಗವೋ ತಡವಾದರೂ ಆಟದಲ್ಲಿ ಸೋತ ಹಾಗೆ. ವೈರಿನದಕ್ಕೆ ಆ ಕಾಟವಿಲ್ಲ, ಚಾರ್ಜ್ ಮಾಡುವ ಗೋಜಿಲ್ಲ, ಬೆಲೆಯೂ ಕಡಿಮೆ. ಡಬ್ಬಿಯ ಮೇಲಿನ 40 ಮಿಲಿಮೀಟರ್, 50 ಮಿಲಿಮೀಟರ್ ಎಂಬುದು ಒಳಗಿನ ಸ್ಪೀಕರಿನ ಅಗಲ. ದೊಡ್ಡದಾದರೆ ಒಳ್ಳೆಯದೆಂದೇನೂ ಇಲ್ಲ. ಅವರ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಕೇಳುವುದಕ್ಕೆ ಹಸಿರು ತೂತು, ಮಾತಾಡುವುದಕ್ಕೆ ಗುಲಾಬಿ ತೂತು ಬೇರೆಬೇರೆ. ಒಂದೇ ಪಿನ್ನಿನ ಹೆಡ್‌ಫೋನಿಗೆ ಕವಲು ವೈರು ಬೇಕು. ಅದನ್ನೂ ಕೇಳಿ ತೆಗೆದುಕೊಂಡೆವು. ನಾನು ನೋಡಿದ್ದು ಮೂರೇ: ತೂಕ ಕಡಿಮೆ ಇದೆಯೇ, ಕಿವಿಯ ಮೆತ್ತೆ ಬದಲಿಸಬಹುದೇ, ಓಲೆಗೆ ಒತ್ತುತ್ತದೆಯೇ. ಮೂರನೆಯದನ್ನು ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಎಲ್ಲ ಸೇರಿ ಎರಡು ಸಾವಿರದೊಳಗೇ ಮುಗಿಯಿತು.

ಮೈಕನ್ನು ಮಾತ್ರ ಅವಳು ಬಿಚ್ಚಿ ಇಡಬಹುದಾದದ್ದನ್ನೇ ಆರಿಸಿದಳು. "ಯಾಕೆ ಮಗಾ?" ಎಂದೆ. "ಹುಡುಗಿ ದನಿ ಕೇಳಿದ ಕೂಡಲೇ ಕೆಲವರು ಅಸಹ್ಯವಾಗಿ ಮಾತಾಡ್ತಾರೆ ದೊಡ್ಡಮ್ಮ. ಅದಕ್ಕೇ ಸುಮ್ಮನೆ ಆಡ್ತೀನಿ" ಎಂದಳು. ನನಗೆ ಎಮ್ಮಾ ನಟ್ ನೆನಪಾದಳು. ಹುಡುಗರ ಒರಟುತನಕ್ಕೆ ಬೇಸತ್ತು ಹೆಣ್ಣಿನ ದನಿಯನ್ನು ಕರೆತಂದ ಚರಿತ್ರೆಯಲ್ಲಿ, ಸುಮಾರು ನೂರೈವತ್ತು ವರ್ಷಗಳ ನಂತರ, ಹುಡುಗರ ಒರಟುತನಕ್ಕೆ ಹೆದರಿ ಹೆಣ್ಣಿನ ದನಿ ಬಾಯಿ ಮುಚ್ಚಿಕೊಂಡಿದೆ. ಅಂಥವರ ಮಾತು ಕೇಳದಂತೆ ಮಾಡುವ, ದೂರು ಕೊಡುವ ಗುಂಡಿಗಳು ಆಟದಲ್ಲೇ ಇವೆಯಂತೆ. "ಅದನ್ನು ಒತ್ತು, ನಿನ್ನ ಮೈಕನ್ನಲ್ಲ" ಎಂದೆ. ಈಗ ಗೆಳತಿಯರ ಒಂದು ತಂಡ ಕಟ್ಟಿಕೊಂಡು ಮಾತಾಡುತ್ತಲೇ ಆಡುತ್ತಾಳೆ.

ಮನೆಯ ತಕರಾರನ್ನೂ ತೀರ್ಮಾನಿಸಿದೆವು. ರಾತ್ರಿಯ ಆ ಒಂದು ಗಂಟೆ ಅಜ್ಜಿ ಕರೆದರೆ ಓಗೊಡುವ ಕೆಲಸ ಅಣ್ಣನದು. ಅವನು ಮೊದಮೊದಲು ಗೊಣಗಿದ. ಈಗ ಅಜ್ಜಿಗೆ ನೀರು ಕೊಡುವುದನ್ನು ಕಲಿತಿದ್ದಾನೆ.

ನಾನು ಹಾಕಿದ ಕಟ್ಟಳೆ ಬೇರೆ: ದನಿ ಮಿತಿ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬೆಲ್ ದನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. ಬರೀ 3 ಡೆಸಿಬೆಲ್ ಏರಿಸಿದರೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನಿಗೆ ಒಂದು ಗುಣವಿದೆ: ಹೊರಗಿನ ಗದ್ದಲ ತಗ್ಗುವುದರಿಂದ ಕಡಿಮೆ ದನಿಯಲ್ಲೇ ಕೇಳಬಹುದು. ಬೆಳೆದ ಗದ್ದೆ ಕೊಯ್ದರೆ ಮತ್ತೆ ನಾಟಿ ಮಾಡಬಹುದು. ಒಳಗಿವಿಯ ಕೇಳುವ ಜೀವಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಕೂಗಿದರೂ ತಿರುಗಳು; ದಡ್ಡಿ ಎಂದು ಮನೆಯವರೇ ಹಣೆಪಟ್ಟಿ ಹಚ್ಚಿದ್ದರು. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ಅವಳ ತಾಯಿ ಹುಣಸೂರಿನ ಮೇಲೆ ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದಳು. ಕಿವಿಗೆ ಯಂತ್ರ ಬಂದ ಮೇಲೆ ಆ ಹುಡುಗಿ ಮೊದಲ ಸಾಲಿನಲ್ಲಿ ಕೂತು ಕೈಯೆತ್ತತೊಡಗಿದಳು. ಟಿವಿಯ ದನಿ ಏರಿಸುತ್ತಲೇ ಇರುವ ಅತ್ತೆ, ಎರಡೆರಡು ಸಲ "ಏನಂದೆ?" ಎನ್ನುವ ಮಗು ನಿಮ್ಮ ಮನೆಯಲ್ಲಿದ್ದರೆ, ರೇಗುವ ಮೊದಲು ಒಂದು ಸಲ ಕಿವಿಯ ಪರೀಕ್ಷೆ ಮಾಡಿಸಿ. ಓಲೆ ಆಮೇಲೆ ಮಾಡಿಸಿದರೂ ನಡೆದೀತು.