ಊರೇ ವಾರ್ಡ್ ಆದ ಕಥೆ

1954. ನೈಜೀರಿಯಾ ಇನ್ನೂ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿನ ಅಬೆಯೊಕುಟಾ ಪಟ್ಟಣದ ಪಕ್ಕ, ಆರೋ ಎಂಬಲ್ಲಿ ಮಾನಸಿಕ ಆಸ್ಪತ್ರೆ ಕಟ್ಟುತ್ತಿದ್ದರು. ಕಟ್ಟಡ ಇನ್ನೂ ಮುಗಿದಿರಲಿಲ್ಲ. ರೋಗಿಗಳು ಮಾತ್ರ ಕಾಯುವಂತಿರಲಿಲ್ಲ.

ಹೊಣೆ ಹೊತ್ತವರು ಡಾ. ಥಾಮಸ್ ಅಡೆಯೊಯೆ ಲಾಂಬೊ. ಅದೇ ಪಟ್ಟಣದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ ಬಂದವರು. ಅದುವರೆಗೆ ಅಲ್ಲಿ ಇದ್ದದ್ದು ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಗಳು. ಅಲ್ಲಿ ಚಿಕಿತ್ಸೆಗಿಂತ ಕೂಡಿಹಾಕುವುದೇ ಹೆಚ್ಚು.

ಲಾಂಬೊ ಸುತ್ತಲಿನ ಹಳ್ಳಿಗಳ ಜನರನ್ನು ಒಪ್ಪಿಸಿ, ಅವರ ಮನೆಗಳಲ್ಲೇ ರೋಗಿಗಳಿಗೆ ಬಾಡಿಗೆ ಕೋಣೆ ಮಾಡಿಸಿದರು. ಒಂದೇ ಷರತ್ತು: ಮನೆಯವರೊಬ್ಬರು ಜೊತೆಗಿರಬೇಕು. ತಾಯಿಯೋ, ಅಣ್ಣನೋ, ಅತ್ತಿಗೆಯೋ ಅಡುಗೆ ಮಾಡಿ, ಬಟ್ಟೆ ಒಗೆದು, ಬೆಳಿಗ್ಗೆ ಆಸ್ಪತ್ರೆಗೆ ಕರೆತಂದು ಮಧ್ಯಾಹ್ನ ವಾಪಸ್ ಕರೆದೊಯ್ಯುತ್ತಿದ್ದರು. ಮಾತ್ರೆ, ಕರೆಂಟ್ ಚಿಕಿತ್ಸೆ ಎಲ್ಲವೂ ಇತ್ತು. ನಾಟಿ ವೈದ್ಯರನ್ನೂ ಲಾಂಬೊ ದೂರ ಇಡಲಿಲ್ಲ. ರೋಗಿಯ ಭಯ, ನಂಬಿಕೆ ಅರ್ಥಮಾಡಿಕೊಳ್ಳಲು ಅವರ ನೆರವು ಪಡೆದರು.

ಆಗ ಪರದೇಶದ ತಜ್ಞರ ಮಾತೇ ಬೇರೆ ಇತ್ತು. ಕಾರೊಥರ್ಸ್ ಎಂಬ ವೈದ್ಯರು 1953ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ಪುಸ್ತಕದಲ್ಲಿ, ಆಫ್ರಿಕಾದವರಿಗೆ ಖಿನ್ನತೆ ಬರುವುದೇ ಅಪರೂಪ ಎಂದಿದ್ದರು. ಲಾಂಬೊ ಮತ್ತು ಅಮೆರಿಕದ ಅಲೆಕ್ಸಾಂಡರ್ ಲೇಟನ್ ತಂಡ ಯೊರುಬಾ ಹಳ್ಳಿಗಳಿಗೇ ಹೋಗಿ ಕೇಳಿತು. ಖಿನ್ನತೆ ಅನ್ನುವುದಕ್ಕೆ ಆ ಭಾಷೆಯಲ್ಲಿ ಸರಿಯಾದ ಪದವೇ ಇರಲಿಲ್ಲ. ಆದರೆ ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಅಳು ಬರುತ್ತದೆಯೇ ಎಂದು ಒಂದೊಂದಾಗಿ ಕೇಳಿದರೆ ಜನರಿಗೆ ಎಲ್ಲವೂ ಗೊತ್ತಿತ್ತು. 1963ರಲ್ಲಿ ವರದಿ ಬಂತು. ಹೆಸರಿಲ್ಲದಿದ್ದರೂ ಕಾಯಿಲೆ ಇತ್ತು.

ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ದೇಶಗಳಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳ ಅಧ್ಯಯನ ನಡೆಸಿತು. ನೈಜೀರಿಯಾದ ಇಬಾದಾನ್ ಅದರಲ್ಲಿತ್ತು, ನಮ್ಮ ಆಗ್ರಾ ಕೂಡ. ಎರಡು ವರ್ಷ ಕಳೆದು ನೋಡಿದಾಗ ಈ ಎರಡೂ ಊರಿನ ರೋಗಿಗಳು ಲಂಡನ್, ವಾಷಿಂಗ್ಟನ್‌ನವರಿಗಿಂತ ಹೆಚ್ಚು ಚೇತರಿಸಿಕೊಂಡಿದ್ದರು. ಕಾರಣ ಏನೆಂದು ತಜ್ಞರು ಇಂದಿಗೂ ವಾದಿಸುತ್ತಾರೆ. ಮನೆಯವರ ಆಸರೆ ಎನ್ನುವವರು ಬಹಳ.

ಮನಸ್ಸಿನ ಕಾಯಿಲೆ ಬಂದವರನ್ನು ಕೋಣೆಯಲ್ಲಿ ಕೂಡಿಹಾಕುವ ಮನೆಗಳಿವೆ. ಆಸ್ಪತ್ರೆಗೆ ಸೇರಿಸಿ ಮರೆತುಬಿಡುವ ಮನೆಗಳೂ ಇವೆ. ಆರೋದಲ್ಲಿ ಎರಡಕ್ಕೂ ಅವಕಾಶವಿರಲಿಲ್ಲ: ಔಷಧಿ ಆಸ್ಪತ್ರೆಯದು, ಜೊತೆಗಿರುವ ಕೆಲಸ ಮನೆಯವರದು.