ಬಿಳಿಹೊಟ್ಟೆಯ ನೀಲಿ ನೊಣಹಿಡುಕ

ಪಶ್ಚಿಮ ಘಟ್ಟದಲ್ಲಿ ಮಾತ್ರ ಕಾಣಸಿಗುವ, ನಿತ್ಯಹರಿದ್ವರ್ಣ ಕಾಡಿನ ತಗ್ಗು ಪೊದೆಗಳಲ್ಲಿ ಬಾಳುವ ಸಣ್ಣ ಹಕ್ಕಿ. ಮ್ಯೂಸಿಕ್ಯಾಪಿಡೀ ಕುಟುಂಬಕ್ಕೆ ಸೇರಿದೆ. ವೈಜ್ಞಾನಿಕ ಹೆಸರು ಸಯಾರ್ನಿಸ್ ಪ್ಯಾಲಿಡಿಪೆಸ್. ಉದ್ದ ಸುಮಾರು 15 ಸೆಂ.ಮೀ. ಗಂಡಿನ ತಲೆ, ಬೆನ್ನು, ಗಂಟಲು, ಎದೆ ಕಡುನೀಲಿ. ಹಣೆ ಮತ್ತು ಹುಬ್ಬಿನಲ್ಲಿ ಆ ನೀಲಿಗೆ ಹೊಳಪು ಹೆಚ್ಚು, ಹೊಟ್ಟೆ ಬಿಳಿ. ಹೆಣ್ಣಿನ ಮೈಯಲ್ಲಿ ನೀಲಿಯ ಸುಳಿವೇ ಇಲ್ಲ: ಬೆನ್ನು ಕಂದು, ತಲೆ ಬೂದು, ಬಾಲ ಕೆಂಗಂದು, ಗಂಟಲು ಮತ್ತು ಎದೆ ಕಿತ್ತಳೆ, ಹೊಟ್ಟೆ ಬಿಳಿ. ಉಪಜಾತಿಗಳಿಲ್ಲ. ವಲಸೆ ಹೋಗುವುದಿಲ್ಲ. ಮಹಾರಾಷ್ಟ್ರದ ದಕ್ಷಿಣ ಘಟ್ಟದಿಂದ ಗೋವಾ, ಕರ್ನಾಟಕಗಳ ಮೂಲಕ ಕೇರಳ, ತಮಿಳುನಾಡಿನ ಬೆಟ್ಟಗಳವರೆಗೆ ಹರಡಿದೆ. ಹುಬ್ಬಳ್ಳಿ-ಧಾರವಾಡದ ಊರೊಳಗೆ ಇದಕ್ಕೆ ನೆಲೆಯಿಲ್ಲವಾದರೂ ಧಾರವಾಡದಿಂದ ಹಳಿಯಾಳ ದಾಟಿ ದಾಂಡೇಲಿ, ಗಣೇಶಗುಡಿಗಳತ್ತ ಇಳಿದರೆ ಒಂದೆರಡು ತಾಸಿನಲ್ಲೇ ಇದರ ಸೀಮೆ ಸಿಗುತ್ತದೆ.

ಹೆಸರಿನ ಗೊಂದಲ. ಈ ಹಕ್ಕಿಯ ಚರಿತ್ರೆ ಬರೆಯಹೊರಟವರಿಗೆ ಮೊದಲ ತೊಡಕು ಹೆಸರಿನದೇ. ಕನ್ನಡದಲ್ಲಿ ನೊಣಹಿಡುಕ ಎಂಬ ಮಾತು ಹಾರುವ ಹುಳುವನ್ನು ಗಾಳಿಯಲ್ಲೇ ಹಿಡಿದು ಕೊಂಬೆಗೆ ಮರಳುವ ಹಲವು ಹಕ್ಕಿಗಳಿಗೆ ಸಲ್ಲುತ್ತದೆ. ಅದು ಕಸುಬಿನ ಹೆಸರು, ಕುಲದ ಹೆಸರಲ್ಲ. ಉದ್ದ ಬಾಲದ ರಾಜಹಕ್ಕಿಯನ್ನೂ ನೊಣಹಿಡುಕಗಳ ಸಾಲಿಗೆ ಹಾಕುವ ರೂಢಿಯಿದೆ, ಆದರೆ ಅದರ ಕುಟುಂಬವೇ ಬೇರೆ. ಧಾರವಾಡದ ಹಿತ್ತಲಲ್ಲಿ ಬೆಳಗಾಗುವ ಮುನ್ನ ಹಾಡುವ ಮಡಿವಾಳ ಹಕ್ಕಿಯನ್ನು ಯಾರೂ ನೊಣಹಿಡುಕ ಎನ್ನುವುದಿಲ್ಲ, ಆದರೆ ಅದೇ ಇದರ ಹತ್ತಿರದ ಬಂಧು. ಎರಡೂ ಒಂದೇ ಕುಟುಂಬದವು.

ಬಿಳಿಹೊಟ್ಟೆ ಎಂಬ ವಿಶೇಷಣ ಇನ್ನೂ ಹೆಚ್ಚು ತೊಂದರೆ ಕೊಟ್ಟಿದೆ. ದಕ್ಷಿಣದ ಶೋಲಾ ಕಾಡುಗಳಲ್ಲಿ ನೆಲದ ಮೇಲೆ ಕುಪ್ಪಳಿಸುವ ಮತ್ತೊಂದು ನೀಲಿ ಹಕ್ಕಿಯಿದೆ. ಇಂಗ್ಲಿಷ್ ಪುಸ್ತಕಗಳು ಅದನ್ನೂ ಬಹುಕಾಲ ಬಿಳಿಹೊಟ್ಟೆಯದೆಂದೇ ಕರೆದವು. ಅದನ್ನು ಒಮ್ಮೆ ಶಾರ್ಟ್‌ವಿಂಗ್ ಎಂದರು, ಒಮ್ಮೆ ರಾಬಿನ್ ಎಂದರು. 2017ರಲ್ಲಿ ವಂಶವಾಹಿ ಅಧ್ಯಯನದ ಆಧಾರದ ಮೇಲೆ ಅದರ ಗುಂಪಿಗೆ ಶೋಲಿಕೋಲಾ ಎಂಬ ಹೊಸ ಕುಲವನ್ನೇ ಮಾಡಿ ಶೋಲಾಕಿಳಿ ಎಂಬ ಹೆಸರನ್ನು ಚಾಲ್ತಿಗೆ ತಂದ ಮೇಲೆ ಗೊಂದಲ ಬಹುಮಟ್ಟಿಗೆ ತಿಳಿಯಾಗಿದೆ. ಹಳೆಯ ಪಟ್ಟಿಗಳಲ್ಲಿ ಬಿಳಿಹೊಟ್ಟೆಯ ನೀಲಿ ಹಕ್ಕಿ ಎಂದಷ್ಟೇ ಇದ್ದಲ್ಲಿ ಸ್ಥಳ, ಎತ್ತರ ನೋಡದೆ ತೀರ್ಮಾನಿಸಬಾರದು. ಶೋಲಾಕಿಳಿ ಎತ್ತರದ ಬೆಟ್ಟಗಳದು; ನೊಣಹಿಡುಕ ತಪ್ಪಲು ಮತ್ತು ನಡುಘಟ್ಟದ ತೇವದ ಕಾಡಿನದು, ಬೆಟ್ಟ ಹತ್ತಿದರೂ ಸುಮಾರು 1,700 ಮೀ. ಮೇಲೆ ಹೋಗುವುದಿಲ್ಲ.

ಊರಿನವರು ಮಾಡುವ ತಪ್ಪು ಬೇರೆ. ಹುಬ್ಬಳ್ಳಿ-ಧಾರವಾಡದ ಸುತ್ತಿನ ಬಿದಿರು ಮೆಳೆ, ಮಾವಿನ ತೋಪುಗಳಲ್ಲಿ ಕಿತ್ತಳೆ ಎದೆಯ ನೀಲಿ ನೊಣಹಿಡುಕ ಕಂಡರೆ ಅದು ಟಿಕೆಲ್‌ನ ನೀಲಿ ನೊಣಹಿಡುಕ. ಒಣ ಕಾಡಿಗೂ ಹೊಂದಿಕೊಳ್ಳುವ ಆ ಹಕ್ಕಿಯನ್ನು 1843ರಲ್ಲಿ ಎಡ್ವರ್ಡ್ ಬ್ಲೈತ್ ವರ್ಣಿಸಿದ. ನೀಲಿ ಬೆನ್ನು, ಕಿತ್ತಳೆ ಎದೆ ಎರಡೂ ಒಂದೇ ಹಕ್ಕಿಯಲ್ಲಿದ್ದರೆ ಅದು ಈ ಲೇಖನದ ಹಕ್ಕಿಯಲ್ಲ: ಇದರ ಗಂಡಿಗೆ ಕಿತ್ತಳೆಯಿಲ್ಲ, ಹೆಣ್ಣಿಗೆ ನೀಲಿಯಿಲ್ಲ.

ಮೊದಲ ವರ್ಣನೆ. ಮದರಾಸು ಸೇನೆಯ ವೈದ್ಯ ಥಾಮಸ್ ಜೆರ್ಡನ್ 1839-40ರಲ್ಲಿ ಮದರಾಸಿನ ಸಾಹಿತ್ಯ-ವಿಜ್ಞಾನ ಪತ್ರಿಕೆಯಲ್ಲಿ ಪರ್ಯಾಯ ದ್ವೀಪದ ಹಕ್ಕಿಗಳ ಪಟ್ಟಿಯನ್ನು ಕಂತುಗಳಲ್ಲಿ ಪ್ರಕಟಿಸಿದ. ನೀಲಗಿರಿಯ ಕೂನೂರು ಘಟ್ಟದ ಈ ಹಕ್ಕಿ ಅದರಲ್ಲಿ 1840ರಲ್ಲಿ ಸೇರಿತು. ಜೆರ್ಡನ್ ಇದನ್ನು ಆಗಿನ ವಾಡಿಕೆಯಂತೆ ಮ್ಯೂಸಿಕಾಪಾ ಕುಲಕ್ಕೆ ಹಾಕಿದ. ಜಾತಿಯ ಹೆಸರಿನ ಅರ್ಥ ಪೇಲವ ಕಾಲಿನದು ಎಂದು. ಕಣ್ಣು ಸೆಳೆಯುವ ನೀಲಿಯನ್ನು ಬಿಟ್ಟು ಕಾಲಿನ ಬಣ್ಣವನ್ನು ಹೆಸರಿಗೆ ಆರಿಸಿದ್ದು ಚಿಕ್ಕ ಲಕ್ಷಣಗಳನ್ನೂ ಬಿಡದೆ ನೋಡಿದ ಕಣ್ಣಿಗೆ ಸಾಕ್ಷಿ. ಈ ಹೆಸರು ಪುಸ್ತಕಗಳಲ್ಲಿ ಪ್ಯಾಲಿಪೆಸ್, ಪ್ಯಾಲಿಡಿಪೆಸ್ ಎಂದು ಎರಡು ಬಗೆಯಲ್ಲಿ ಓಡಾಡಿದೆ. ಈಗ ಎರಡನೆಯದು ನಿಂತಿದೆ. ಕುಲವೂ ಅಷ್ಟೇ ಅಲೆದಿದೆ. ಬ್ಲೈತ್ 1843ರಲ್ಲಿ ಕಡುನೀಲಿ ಹಕ್ಕಿ ಎಂಬರ್ಥದ ಸಯಾರ್ನಿಸ್ ಕುಲವನ್ನು ಸ್ಥಾಪಿಸಿದ. ಇಪ್ಪತ್ತನೆಯ ಶತಮಾನದ ನಡುವೆ ಹಲವು ಕುಲಗಳನ್ನು ಒಟ್ಟುಗೂಡಿಸುವ ಒಲವು ಬಂದಾಗ ಇದು ಮತ್ತೆ ಮ್ಯೂಸಿಕಾಪಾಕ್ಕೆ ಹೋಯಿತು. ಸಲೀಂ ಅಲಿ ಮತ್ತು ಡಿಲನ್ ರಿಪ್ಲಿ ಅವರ ಕೈಪಿಡಿಯ 1972ರ ಸಂಪುಟದಲ್ಲಿ ಹಾಗೆಯೇ ಇದೆ. ಆಮೇಲೆ ಸಯಾರ್ನಿಸ್ ಮರಳಿ ಬಂತು. ಆದ್ದರಿಂದ ಹಳೆಯ ದಾಖಲೆ ಹುಡುಕುವವರು ಎಲ್ಲ ಹೆಸರುಗಳ ಕೆಳಗೂ ನೋಡಬೇಕು.

ಗಡಿಗಳ ನಡುವಿನ ದಾಖಲೆ. ಉತ್ತರ ಕರ್ನಾಟಕದ ಮಟ್ಟಿಗೆ ಈ ಹಕ್ಕಿಯ ದಾಖಲೆ ಚದುರಿಹೋಗಲು ಮುಖ್ಯ ಕಾರಣ ಆಡಳಿತದ ಗಡಿಗಳು. ಪ್ರಚಲಿತ ಬರಹಗಳು ಇದನ್ನು ಗಮನಿಸುವುದಿಲ್ಲ. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಜೆರ್ಡನ್‌ನ ಪಟ್ಟಿಯ ಹಿನ್ನೆಲೆ ಮದರಾಸಿನದು. ಬೆಳಗಾವಿ ದಂಡಿನಲ್ಲಿದ್ದ ಕ್ಯಾಪ್ಟನ್ ಎಡ್ವರ್ಡ್ ಬಟ್ಲರ್ 1881ರಲ್ಲಿ ಎ. ಒ. ಹ್ಯೂಮ್ ನಡೆಸುತ್ತಿದ್ದ ಸ್ಟ್ರೇ ಫೆದರ್ಸ್ ಎಂಬ ಹಕ್ಕಿಗಳ ಪತ್ರಿಕೆಯಲ್ಲಿ ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ತಾತ್ಕಾಲಿಕ ಪಟ್ಟಿ ಕೊಟ್ಟ. ಧಾರವಾಡ ಆ ಸೀಮೆಯ ಭಾಗ. ಘಟ್ಟದ ಕೆಳಗಿನ ಕಾಡುಗಳಿಗೆ ಬೇರೆ ಪಟ್ಟಿ ಬರಲು 1898ರವರೆಗೆ ಕಾಯಬೇಕಾಯಿತು. ಆ ವರ್ಷ, ಉತ್ತರ ಕನ್ನಡದಲ್ಲಿ ಕಲೆಕ್ಟರ್ ಆಗಿ ಕೆಲಸ ಮಾಡಿದ್ದ ಜೇಮ್ಸ್ ಡೇವಿಡ್ಸನ್ ಆ ಜಿಲ್ಲೆಯ ಹಕ್ಕಿಗಳ ಕುರಿತ ಲೇಖನವನ್ನು ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರೂ ಕಾರವಾರದಲ್ಲಿದ್ದ ಅರಣ್ಯಾಧಿಕಾರಿ ಟಿ. ಆರ್. ಬೆಲ್ ಅವರೂ ಹಕ್ಕಿಯ ಚರ್ಮಕ್ಕಿಂತ ಗೂಡು-ಮೊಟ್ಟೆಗಳ ಬೆನ್ನು ಹತ್ತಿದವರು. ಘಟ್ಟದ ಹಕ್ಕಿಗಳ ಸಂತಾನದ ಬಗ್ಗೆ ಮುಂದಿನ ಗ್ರಂಥಗಳಲ್ಲಿರುವ ಮಾಹಿತಿಗೆ ಉತ್ತರ ಕನ್ನಡದ ಈ ಕೆಲಸ ದೊಡ್ಡ ಆಧಾರ.

ಮೈಸೂರು ಮಹಾರಾಜರ ನೆರವಿನಿಂದ ಸಲೀಂ ಅಲಿಯವರು 1939-40ರಲ್ಲಿ ನಡೆಸಿದ ಸಮೀಕ್ಷೆಯನ್ನು ಇಡೀ ಕರ್ನಾಟಕದ್ದೆಂದು ಭಾವಿಸುವವರಿದ್ದಾರೆ. ಅದು ಸಂಸ್ಥಾನದ ಸಮೀಕ್ಷೆ. ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಆಗ ಮುಂಬಯಿಯಲ್ಲಿದ್ದವು, ಕೊಡಗು ಬೇರೆಯಾಗಿತ್ತು. 1956ರ ನವೆಂಬರ್ 1ರಂದು ಈ ಜಿಲ್ಲೆಗಳು ಒಂದೇ ರಾಜ್ಯಕ್ಕೆ ಸೇರಿದರೂ ಹಕ್ಕಿಯ ಕಡತಗಳು ತಾವಿದ್ದಲ್ಲೇ ಉಳಿದವು. ಅದೇ ವರ್ಷ ದಾಂಡೇಲಿ ವನ್ಯಜೀವಿಧಾಮವಾಯಿತು. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ರಕ್ಷಿತಾರಣ್ಯ, 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರು.

ಈಚಿನ ದಶಕಗಳು. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಮನೆ ಈಗ ಪ್ರವಾಸಿಗರ ತಂಗುದಾಣ. ಓಲ್ಡ್ ಮ್ಯಾಗಜೀನ್ ಹೌಸ್ ಎಂಬ ಹೆಸರು ಹಾಗೇ ಉಳಿದಿದೆ. ಅಲ್ಲಿ ಮರಗಳ ನಡುವೆ ಹಕ್ಕಿಗಳಿಗೆಂದು ನೀರಿನ ತೊಟ್ಟಿಗಳನ್ನಿಟ್ಟಿದ್ದಾರೆ. ಬೇಸಗೆಯ ಇಳಿಹೊತ್ತಿನಲ್ಲಿ ನೊಣಹಿಡುಕ ತೊಟ್ಟಿಗೆ ಬರುವ ರೀತಿ ನೋಡುವಂಥದು. ಮೊದಲು ಮೊಣಕಾಲೆತ್ತರದ ಬಳ್ಳಿಯ ಮೇಲೆ ಕೂರುತ್ತದೆ. ಬೆಳಕು ಕುಗ್ಗಿದ ಪೊದೆಯಲ್ಲಿ ಮೈ ಕಪ್ಪಾಗಿಯೇ ತೋರುತ್ತದೆ, ಬಿಳಿ ಹೊಟ್ಟೆಯೊಂದೇ ಗುರುತು. ಬಾಲ ಸ್ವಲ್ಪ ಬಿಚ್ಚಿ ಮುಚ್ಚಿ, ನೀರಿಗಿಳಿದು ಎರಡು ಸಲ ಮೈ ಒದರಿ, ಮತ್ತೆ ಅದೇ ಬಳ್ಳಿಗೆ ಹಾರುತ್ತದೆ. ತಲೆ ತಿರುಗಿಸಿದ ಗಳಿಗೆಯಲ್ಲಿ ಹಣೆಯ ನೀಲಿ ಮಿಂಚುತ್ತದೆ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಈ ಹಕ್ಕಿಯ ಚಿತ್ರಗಳು ಲೆಕ್ಕವಿಲ್ಲದಷ್ಟು ಸಿಗುತ್ತಿವೆ, ಇ-ಬರ್ಡ್‌ನಂಥ ಜಾಲಗಳಲ್ಲಿ ದಿನಾಂಕ, ಸ್ಥಳಸಹಿತ ದಾಖಲಾಗುತ್ತಿವೆ. ಇದು ನಿಜವಾದ ತಿರುವು. ಹಳೆಯ ಗಡಿಗಳು ಇಲ್ಲಿ ಮೊದಲ ಬಾರಿಗೆ ಅಳಿದಿವೆ.

ಆದರೆ ಒಂದು ಕೊರತೆ ಎದ್ದು ಕಾಣುತ್ತದೆ. ಹಕ್ಕಿ ಗೂಡು ಕಟ್ಟುವುದು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಘಟ್ಟದ ಮಳೆ ಜೋರಾಗಿರುವಾಗ. ಹಸಿರು ಪಾಚಿಯ ಬಟ್ಟಲಿಗೆ ಒಳಗೆ ಸಣ್ಣ ಬೇರುಗಳ ಹಾಸು. ಕ್ಯಾಮೆರಾ ಹಿಡಿದವರು ಬರುವುದು ಮಳೆ ನಿಂತ ಮೇಲೆ, ಜಿಗಣೆ ಕಡಿಮೆಯಾದ ಮೇಲೆ. ನೀರಿನ ತೊಟ್ಟಿಯ ಚಿತ್ರಗಳಿಂದ ಹಕ್ಕಿಯ ರೂಪ ತಿಳಿಯುತ್ತದೆ, ಸಂಸಾರ ತಿಳಿಯುವುದಿಲ್ಲ.

ಸದ್ಯ ಇದು ಜಾಗತಿಕ ಪಟ್ಟಿಯಲ್ಲಿ ಅಪಾಯದಂಚಿನ ಹಕ್ಕಿಯಲ್ಲ. ಆದರೆ ನೆಲೆ ಕಿರಿದು, ಮತ್ತು ಆ ನೆಲೆಯ ಮೇಲೆ ಹುಬ್ಬಳ್ಳಿಯಿಂದ ಹೊರಡುವ ದಾರಿಗಳ ಕಣ್ಣಿದೆ. 164 ಕಿ.ಮೀ. ಉದ್ದದ ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗಕ್ಕೆ 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ನೀಡಿತು; ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಜೋಡಿಹಳಿಗೆ ಸಿಕ್ಕಿದ್ದ ವನ್ಯಜೀವಿ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ತಗ್ಗು ಪೊದೆ, ತೇವ, ನೆರಳು ಬಿಟ್ಟು ಬದುಕದ ಹಕ್ಕಿಗೆ ಕಾಡಿನ ನಡುವಿನ ಬಯಲು ಸೀಳು ದೊಡ್ಡ ಅಡ್ಡಿ. ಮಳೆಗಾಲದಲ್ಲಿ ಹಳಿಯಾಳ, ಯಲ್ಲಾಪುರ, ಜೋಯಿಡಾಗಳ ಕಾಡಿನಂಚಿನಲ್ಲಿ ವಾಸಿಸುವವರು ಬಾಯಲ್ಲಿ ಪಾಚಿ ಕಚ್ಚಿಕೊಂಡು ಹಾರುವ ಈ ಹಕ್ಕಿಯನ್ನು ಕಂಡರೆ ಗೂಡಿನ ಹತ್ತಿರ ಹೋಗದೆ ದೂರದಿಂದಲೇ ನೋಡಿ, ದಿನಾಂಕ ಮತ್ತು ಸ್ಥಳವನ್ನು ಬರೆದಿಡಬೇಕೆಂದು ಕೋರಿಕೆ.