ಕೊಟ್ಟ ಮಾತು, ಹೊತ್ತ ಹೊಣೆ

ಕುಡುಕನು ಪಾಪಿಯೇ, ರೋಗಿಯೇ? ಈ ಪ್ರಶ್ನೆ ಬಹು ಹಳೆಯದು. ಅಮಲಿನಲ್ಲಿ ಎಸಗಿದ ತಪ್ಪಿಗೆ ಮನುಷ್ಯನು ಎಷ್ಟರಮಟ್ಟಿಗೆ ಹೊಣೆಗಾರನೆಂಬುದನ್ನು 13ನೆಯ ಶತಮಾನದಲ್ಲಿಯೇ ಸಂತ ತೋಮಾಸ್ ಅಕ್ವಿನಾಸರು ವಿವೇಚಿಸಿದ್ದರು. ಪಾನೀಯದ ಕಸುವನ್ನರಿಯದೆ ಅಮಲೇರಿದವನು ನಿರ್ದೋಷಿ. ಅರಿತೂ ಮಿತಿಮೀರಿದವನು ಹೊಣೆಯಿಂದ ಪೂರ್ಣವಾಗಿ ಪಾರಾಗಲಾರನು ಎಂಬುದು ಅವರ ನಿರ್ಣಯದ ಸಾರ. ಅಮೆರಿಕದ ವೈದ್ಯ ಬೆಂಜಮಿನ್ ರಷ್ ಆದರೋ 1784ರ ತನ್ನ ಪ್ರಬಂಧದಲ್ಲಿ ಕುಡಿತವನ್ನು ರೋಗವೆಂದೇ ಕರೆದನು. ಸ್ವೇಚ್ಛೆಯಿಂದ ಮೊದಲಾದ ಕುಡಿತವು ಅಭ್ಯಾಸಬಲದಿಂದ ಅನಿವಾರ್ಯವಾಗುತ್ತದೆಂದು 1812ರಲ್ಲಿ ಬರೆದನು.

ಈ ಎರಡು ದೃಷ್ಟಿಗಳ ನಡುವೆ ಐರ್ಲೆಂಡಿನ ಕಪುಚಿನ್ ಗುರು ಥಿಯೋಬಾಲ್ಡ್ ಮ್ಯಾಥ್ಯೂ ಅವರ ಕಾರ್ಯವನ್ನು ನಾವು ಸ್ಮರಿಸಬೇಕು. ಕ್ವೇಕರ್ ಪಂಥದ ವಿಲಿಯಂ ಮಾರ್ಟಿನ್ ಎಂಬವರ ಪ್ರೇರಣೆಗೆ ಓಗೊಟ್ಟು, 1838ರ ಏಪ್ರಿಲ್ 10ರಂದು ಅವರು ಕಾರ್ಕ್ ನಗರದಲ್ಲಿ ಪೂರ್ಣ ಪಾನತ್ಯಾಗದ ಪ್ರತಿಜ್ಞೆಗೆ ಸಹಿ ಹಾಕಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನ ಅವರ ಮುಂದೆ ಮೊಣಕಾಲೂರಿ ಅದೇ ಮಾತು ಕೊಟ್ಟರು. ಆ ದೇಶದಲ್ಲಿ ತೆರಿಗೆ ತೆತ್ತ ಮದ್ಯಸಾರದ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು.

ಆ ಪ್ರತಿಜ್ಞೆಯಲ್ಲಿ ಮೂರು ಅಂಶಗಳಿದ್ದವು: ತಾನು ಕುಡಿಯೆನೆಂಬ ಸಂಕಲ್ಪ, ಅದಕ್ಕೆ ದೇವರ ನೆರವಿನ ಯಾಚನೆ, ಬುದ್ಧಿಮಾತಿನಿಂದಲೂ ನಡತೆಯಿಂದಲೂ ಇತರರ ಕುಡಿತವನ್ನು ತಡೆಯುವೆನೆಂಬ ವಚನ. ಕುಡುಕನನ್ನು ಮಾತಿಗೆ ನಿಲ್ಲಬಲ್ಲ ಮನುಷ್ಯನೆಂದು ಬಗೆದುದೇ ಆತನಿಗೆ ಸಂದ ಗೌರವ.

ಆದರೆ ಆ ಮೂರನೆಯ ವಚನ ಊರೂರಿನಲ್ಲಿ ಬೇರೂರಲಿಲ್ಲ. ಚಳವಳಿ ಒಬ್ಬ ಗುರುವಿನ ವರ್ಚಸ್ಸನ್ನೇ ಬಹುವಾಗಿ ಅವಲಂಬಿಸಿತ್ತು. 1845ರಿಂದ ಕ್ಷಾಮವು ನಾಡನ್ನು ನುಂಗಿತು. ಲಕ್ಷಾಂತರ ಜನ ಸತ್ತರು, ವಲಸೆ ಹೋದರು. 1856ರಲ್ಲಿ ಮ್ಯಾಥ್ಯೂ ಅವರು ತೀರಿಕೊಳ್ಳುವ ವೇಳೆಗೆ ಪ್ರತಿಜ್ಞೆ ಮುರಿದವರು ಅಸಂಖ್ಯ.

ಈ ಪಾಠ ವ್ಯರ್ಥವಾಗಲಿಲ್ಲ. 1898ರಲ್ಲಿ ಯೇಸುಸಭೆಯ ಜೇಮ್ಸ್ ಕಲ್ಲನ್ ಅವರು ಡಬ್ಲಿನ್ನಿನಲ್ಲಿ ನಾಲ್ವರು ಮಹಿಳೆಯರೊಡನೆ ಪಯನೀರ್ ಸಂಘವನ್ನು ಕಟ್ಟಿದರು. ಕುಡಿತದ ಚಟವಿಲ್ಲದವರೇ ಯೇಸುವಿನ ಪವಿತ್ರ ಹೃದಯಕ್ಕೆ ಪ್ರಾರ್ಥಿಸುತ್ತ, ಕುಡುಕರ ಉದ್ಧಾರಕ್ಕಾಗಿ ಮದ್ಯವನ್ನು ತ್ಯಜಿಸುವುದು ಅದರ ರೀತಿ.

ಬಿದ್ದವನನ್ನು ಪಾಪಿಯೆಂದು ಹಳಿದು ದೂರ ಸರಿಯುವುದು ಸುಲಭ. ರೋಗಿಯೆಂದು ಮರುಗಿ ಸುಮ್ಮನಾಗುವುದೂ ಸುಲಭ. ಎದ್ದು ನಿಲ್ಲುವ ಹೊಣೆ ಅವನದು, ನಿಜ. ಏಳುವಾಗ ಕೈನೀಡುವ ಹೊಣೆ ಮಾತ್ರ ನಮ್ಮದು. ಇವೆರಡರಲ್ಲಿ ಒಂದನ್ನು ಬಿಟ್ಟರೆ ಇನ್ನೊಂದು ನಿಲ್ಲದೆಂಬುದನ್ನೇ ಈ ಚರಿತ್ರೆ ನಮಗೆ ಕಲಿಸುತ್ತದೆ.